ಓದಬೇಡಿ, ಸ್ಟ್ರಾಟೆಜಿ ಇದೆ

ಕ್ಲಾಟ್‌ನಲ್ಲಿ ರ್‍ಯಾಂಕ್ ಬಂದವರೆಲ್ಲ ದಿನಕ್ಕೆ ಎಂಟು ಗಂಟೆ ನಿದ್ದೆ ಮಾಡುತ್ತಾರೆ. ಗಿಟಾರ್ ನುಡಿಸುತ್ತಾರೆ. ಕ್ರಿಕೆಟ್ ಬಿಟ್ಟಿಲ್ಲ. ಓದಿದ್ದು ದಿನಕ್ಕೆ ಮೂರೋ ನಾಲ್ಕೋ ಗಂಟೆ. ಕೋಚಿಂಗ್? ‘ಸ್ವಲ್ಪ ಗೈಡೆನ್ಸ್ ತಗೊಂಡೆ ಅಷ್ಟೆ.’ ಹೀಗೆ ಹೇಳುವ ಹುಡುಗನ ಹಿಂದಿನ ಗೋಡೆ ತುಂಬ ಕೋಚಿಂಗ್ ಸೆಂಟರಿನ ಲೋಗೋ.

ಫಲಿತಾಂಶದ ಮರುದಿನ ಪತ್ರಿಕೆ ಬಿಡಿಸಿ ನೋಡಿ. ಎರಡನೇ ಪುಟದಲ್ಲಿ ಅದೇ ಹುಡುಗ ಒಂದು ಸಂಸ್ಥೆಯ ಹೆಮ್ಮೆ. ಐದನೇ ಪುಟದಲ್ಲಿ ಇನ್ನೊಂದು ಸಂಸ್ಥೆಯ ಹೆಮ್ಮೆ. ಕೊನೇ ಪುಟದಲ್ಲಿ ಮೂರನೆಯವರ ಹೆಮ್ಮೆ. ಒಬ್ಬರ ಹತ್ತಿರ ತರಗತಿಗೆ ಹೋಗಿದ್ದ. ಇನ್ನೊಬ್ಬರ ಹತ್ತಿರ ಮಾಕ್ ಟೆಸ್ಟ್ ಬರೆದಿದ್ದ. ಮೂರನೆಯವರ ಹತ್ತಿರ ಬಹುಶಃ ವಿಳಾಸ ಕೇಳಲು ಹೋಗಿದ್ದ.

ಇದಕ್ಕೆ ಕಡಿವಾಣ ಹಾಕಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪಾಸಾದವರ ಲಿಖಿತ ಒಪ್ಪಿಗೆ ಇಲ್ಲದೆ ಫೋಟೋ ಹಾಕಬಾರದು. ಅವರು ಯಾವ ಕೋರ್ಸ್ ತೆಗೆದುಕೊಂಡಿದ್ದರು, ಎಷ್ಟು ಕಾಲದ್ದು, ಹಣ ಕೊಟ್ಟಿದ್ದರೋ ಇಲ್ಲವೋ ಎಲ್ಲ ಹೇಳಬೇಕು. ಚೆನ್ನಾಗಿದೆ. ಕಾನೂನು ಕಲಿಯಲು ಹೊರಟ ಮಕ್ಕಳಿಗೆ ಮೊದಲ ಪಾಠ ಜಾಹೀರಾತಿನಲ್ಲೇ ಸಿಕ್ಕಿತು. ನಿಯಮ ಮಾಡುವವರು ಒಬ್ಬರು. ಅದರ ಸಂದು ಹುಡುಕುವವರು ಇನ್ನೊಬ್ಬರು. ಎರಡನೆಯವರ ಸಂಬಳ ಜಾಸ್ತಿ.

ವಿಷಯಕ್ಕೆ ಬರೋಣ. ಕ್ಲಾಟ್ ಎಂದರೆ ದೇಶದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. ಮೊದಲು ಒಂದೊಂದು ಲಾ ಸ್ಕೂಲೂ ತನ್ನದೇ ಪರೀಕ್ಷೆ ನಡೆಸುತ್ತಿತ್ತು. ಮಕ್ಕಳು ಊರೂರು ಅಲೆಯುತ್ತಿದ್ದರು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2008ರಲ್ಲಿ ಒಂದೇ ಪರೀಕ್ಷೆ ಬಂತು. ಮೊದಲ ಸಲ ನಡೆಸಿದ್ದು ನಮ್ಮ ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲು. ಹುಟ್ಟುವಾಗಲೇ ಕೋರ್ಟು ನೋಡಿದ ಪರೀಕ್ಷೆ ಇದು. ಆಮೇಲೆ ಆ ಅಭ್ಯಾಸ ಬಿಟ್ಟೇ ಇಲ್ಲ.

ಎರಡು ಗಂಟೆ. 120 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಖೋತಾ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಲೀಗಲ್ ರೀಸನಿಂಗ್, ಲಾಜಿಕ್, ಜೊತೆಗೆ ಹತ್ತನೇ ತರಗತಿಯ ಲೆಕ್ಕ. ಎಲ್ಲವೂ ಪ್ಯಾಸೇಜ್. ಒಂದೊಂದು ಪ್ಯಾಸೇಜು ಸುಮಾರು 450 ಪದದ್ದು. ಅಂಥವು ಇಪ್ಪತ್ತರ ಆಸುಪಾಸು. ಓದು, ಅರ್ಥ ಮಾಡಿಕೋ, ಉತ್ತರಿಸು. ಪ್ರಶ್ನೆಗೆ ಒಂದು ನಿಮಿಷ. ಓದುವ ಸಮಯವೂ ಅದರಲ್ಲೇ.

2020ರಲ್ಲಿ ಈ ಪದ್ಧತಿ ತಂದಾಗ ಕೊಟ್ಟ ಕಾರಣ ಕೇಳಲು ಬಹಳ ಇಂಪಾಗಿತ್ತು. ಬಾಯಿಪಾಠ ಬೇಡ. ಕಾನೂನಿನ ಪೂರ್ವಜ್ಞಾನ ಬೇಡ. ಓದಿ ತಿಳಿದುಕೊಳ್ಳುವ ಶಕ್ತಿ ಇದ್ದರೆ ಸಾಕು. ಅಂದರೆ ಚಿಕ್ಕಂದಿನಿಂದ ಪುಸ್ತಕ ಹಿಡಿದ ಮಗು ನೇರವಾಗಿ ಬಂದು ಬರೆದು ಹೋಗಬಹುದು.

ಈ ಮಾತನ್ನು ಪೂರ್ತಿ ನಂಬಿದವರು ಕೋಚಿಂಗ್ ಸೆಂಟರಿನವರು ಮಾತ್ರ. ನಂಬಿ, ಮರುದಿನವೇ ‘ಓದಿ ತಿಳಿದುಕೊಳ್ಳುವ ಶಕ್ತಿ’ಗೆ ಬ್ಯಾಚ್ ಶುರು ಮಾಡಿದರು.

ಒಂದು ಡೆಮೊ ಕ್ಲಾಸಿಗೆ ಹೋಗಿ ಕೂತುಕೊಳ್ಳಿ. ಪುಕ್ಕಟೆ. ಎಸಿ ಇದೆ. ಬಿಸ್ಕತ್ತು ಕೊಡುತ್ತಾರೆ. ಕಪ್ಪು ಟೀ ಶರ್ಟ್ ತೊಟ್ಟ ಮೇಷ್ಟ್ರು ಬರುತ್ತಾರೆ. ಮೇಷ್ಟ್ರು ಅನ್ನಬಾರದು, ಮೆಂಟರ್. ಪರದೆಯ ಮೇಲೆ ಉದ್ದನೆಯ ಪ್ಯಾಸೇಜು ಮೂಡುತ್ತದೆ. ಮುಂದಿನ ಸಾಲಿನ ಹುಡುಗಿ ಶ್ರದ್ಧೆಯಿಂದ ಓದಲು ಶುರು ಮಾಡುತ್ತಾಳೆ.

‘ಸ್ಟಾಪ್!’ ಅನ್ನುತ್ತಾರೆ ಮೆಂಟರ್. ‘ಯಾಕಮ್ಮಾ ಓದ್ತಾ ಇದೀಯಾ?’

ಹುಡುಗಿ ತಬ್ಬಿಬ್ಬು. ಅವಳು ಓದಿದ್ದು ತಪ್ಪಾಯಿತು.

ಮೊದಲು ಪ್ರಶ್ನೆ ನೋಡಬೇಕಂತೆ. ಆಮೇಲೆ ಮೊದಲ ಸಾಲು, ಕೊನೆಯ ಸಾಲು. ನಡುವೆ ‘ಆದರೆ’, ‘ಆದಾಗ್ಯೂ’ ಎಂಬ ಅರ್ಥದ ಇಂಗ್ಲಿಷ್ ಪದ ಎಲ್ಲಿದೆ ಎಂದು ಕಣ್ಣಾಡಿಸಬೇಕು. ಅಲ್ಲಿ ಬೆರಳಿಡಬೇಕು. ಉತ್ತರ ಅದರ ಆಜುಬಾಜಿನಲ್ಲೇ ಅವಿತಿರುತ್ತದೆ. ‘ಯಾವಾಗಲೂ’, ‘ಎಂದಿಗೂ ಇಲ್ಲ’ ಎಂದು ಖಡಾಖಂಡಿತ ಹೇಳುವ ಆಯ್ಕೆಯನ್ನು ಕಣ್ಣು ಮುಚ್ಚಿ ಹೊಡೆದುಹಾಕಬೇಕು. ಎರಡು ಉತ್ತರ ಉಳಿದರೆ ಮೆತ್ತಗಿನದನ್ನು ಆರಿಸಬೇಕು. ಲೇಖಕ ಏನು ಹೇಳಿದ? ಅದು ನಮಗೆ ಬೇಡದ ವಿಷಯ.

ಓದುವ ಶಕ್ತಿಯನ್ನು ಅಳೆಯುವ ಪರೀಕ್ಷೆ. ಓದದೆ ಪಾಸಾಗುವ ತಂತ್ರ. ಎರಡಕ್ಕೂ ಫೀಸು ನಾವೇ ಕೊಡುವುದು.

ಈ ಮಕ್ಕಳೇ ನಾಳೆ ವಕೀಲರಾಗುತ್ತಾರೆ ಎಂದು ನೆನಪಿಡಿ. ನಿಮ್ಮ ಕ್ರಯಪತ್ರದ ಮೊದಲ ಸಾಲು, ಕೊನೆಯ ಸಾಲು ನೋಡುತ್ತಾರೆ. ಚಕ್ಕುಬಂದಿ ನಡುವೆ ಎಲ್ಲೋ ಇರುತ್ತದೆ. ಇರಲಿ ಬಿಡಿ.

ಆಮೇಲೆ ಪೇಪರ್ ಓದುವ ಕಾಂಡ. ಕ್ಲಾಟ್‌ಗೆ ತಯಾರಾಗುವ ಮನೆಯನ್ನು ಗುರುತಿಸುವುದು ಸುಲಭ. ಇಷ್ಟು ವರ್ಷ ಕನ್ನಡ ಪತ್ರಿಕೆ ಬರುತ್ತಿದ್ದ ಬಾಗಿಲಿಗೆ ಒಂದು ದಿನ ಇಂಗ್ಲಿಷ್ ಪತ್ರಿಕೆ ಬೀಳುತ್ತದೆ. ಸಂಪಾದಕೀಯ ಪುಟ ಓದಲೇಬೇಕು, ಇದು ಎಲ್ಲ ಟಾಪರ್‌ಗಳ ಒಮ್ಮತದ ಅಪ್ಪಣೆ. ಮಗ ಹಾಸಿಗೆಯಿಂದ ಎದ್ದಿರುವುದಿಲ್ಲ. ತಾಯಿ ಅಡುಗೆಮನೆ ಕಟ್ಟೆಯ ಮೇಲೆ ಪತ್ರಿಕೆ ಹರಡಿಕೊಂಡು ಹಳದಿ ಪೆನ್ನಿನಿಂದ ಗೆರೆ ಎಳೆಯುತ್ತಿರುತ್ತಾರೆ. ಒಂದು ಕೈಯಲ್ಲಿ ಸೌಟು. ಇನ್ನೊಂದು ಕೈಯಲ್ಲಿ ಒಕ್ಕೂಟ ವ್ಯವಸ್ಥೆಯಲ್ಲಿ ರಾಜ್ಯಪಾಲರ ಪಾತ್ರ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಅವರಿಗೆ 200ನೇ ವಿಧಿ ಅರ್ಥವಾಗಿರುತ್ತದೆ. ಪರೀಕ್ಷೆಯನ್ನು ಆ ತಾಯಿಯೇ ಬರೆದಿದ್ದರೆ ಸೀಟು ಗ್ಯಾರಂಟಿ.

ಮಗನ ಕೆಲಸ ಏನು? ಆ ಗೆರೆ ಎಳೆದ ಸಾಲುಗಳ ಫೋಟೋ ತೆಗೆದು ಗ್ರೂಪಿಗೆ ಹಾಕುವುದು. ನಲವತ್ತು ಹೆಬ್ಬೆರಳು ಬರುತ್ತವೆ. ಓದಿದಂತಾಯಿತು.

ಅದೂ ಕಷ್ಟ ಎನ್ನುವವರಿಗೆ ಸಾರಾಂಶ ಬರುತ್ತದೆ. ದಿನದ ಸಾರಾಂಶ. ವಾರದ ಸಾರಾಂಶ. ತಿಂಗಳ ಸಾರಾಂಶದ ಪಿಡಿಎಫ್. ಕೊನೆಗೆ ವರ್ಷದ ಸಾರಾಂಶ ಎಂದು ಇಟ್ಟಿಗೆ ಗಾತ್ರದ ಪುಸ್ತಕ. ಸಾರಾಂಶಗಳನ್ನೆಲ್ಲ ಸೇರಿಸಿದರೆ ಮೂಲ ಪತ್ರಿಕೆಗಳಿಗಿಂತ ಹೆಚ್ಚು ಪುಟ. ಬಾಯಿಪಾಠ ಬೇಡ ಎಂದಿದ್ದರಲ್ಲ? ಇದು ಬಾಯಿಪಾಠ ಅಲ್ಲ. ರಿವಿಷನ್.

ಲೀಗಲ್ ರೀಸನಿಂಗ್‌ದೂ ಇದೇ ಕತೆ. ಕಾನೂನು ಗೊತ್ತಿರಬೇಕಿಲ್ಲ, ನಿಯಮವನ್ನು ಪ್ಯಾಸೇಜಿನಲ್ಲೇ ಕೊಡುತ್ತೇವೆ, ಅನ್ವಯಿಸಿದರೆ ಸಾಕು ಎನ್ನುತ್ತಾರೆ ಪರೀಕ್ಷೆ ನಡೆಸುವವರು. ಒಳ್ಳೆಯದು. ಹಾಗಾದರೆ ಹದಿನಾರು ವರ್ಷದ ಹುಡುಗಿ ಯಾಕೆ ಬಸ್ಸಿನಲ್ಲಿ ಕೂತು ಕರಾರು ಕಾಯ್ದೆಯ ಕಲಮುಗಳನ್ನು ಗುನುಗುತ್ತಿದ್ದಾಳೆ? ಯಾಕೆಂದರೆ ಗೊತ್ತಿದ್ದವನಿಗೆ ಓದುವ ಶ್ರಮ ಉಳಿಯುತ್ತದೆ. ಶ್ರಮ ಉಳಿದರೆ ನಿಮಿಷ ಉಳಿಯುತ್ತದೆ. ಬೇಕಿಲ್ಲದ್ದನ್ನು ಕಲಿತವರಿಗೆ ಬಹುಮಾನ ಕೊಡುವ ಪರೀಕ್ಷೆ ಇದು. ಬೇಕಿಲ್ಲ ಎಂಬ ಮಾತನ್ನು ನಂಬಿ ಬಂದವರು ದಡ್ಡರಾಗುತ್ತಾರೆ.

ಮಾಕ್ ಟೆಸ್ಟಿನ ಬಗ್ಗೆ ಹೇಳದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ. ಐವತ್ತು ಮಾಕ್ ಬರೆಯಿರಿ ಅನ್ನುತ್ತಾನೆ ಒಬ್ಬ. ನೂರು ಅನ್ನುತ್ತಾನೆ ಇನ್ನೊಬ್ಬ. ಬರೆದರೆ ಸಾಲದು, ‘ಅನಾಲಿಸಿಸ್’ ಮಾಡಬೇಕು. ಪರೀಕ್ಷೆ ಎರಡು ಗಂಟೆ, ಅನಾಲಿಸಿಸ್ ನಾಲ್ಕು ಗಂಟೆ. ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ಕು. ಅದರಲ್ಲಿ ಕಾಲಂಗಳು: ಗೊತ್ತಿಲ್ಲದೆ ತಪ್ಪಿದ್ದು, ಗೊತ್ತಿದ್ದೂ ತಪ್ಪಿದ್ದು, ಅವಸರಕ್ಕೆ ತಪ್ಪಿದ್ದು. ನಮ್ಮ ಬೀದಿಯ ಹುಡುಗನೊಬ್ಬ ನಾಲ್ಕು ಬಣ್ಣದ ಪೆನ್ನಿನಲ್ಲಿ ಅದನ್ನು ಎಷ್ಟು ಅಂದವಾಗಿ ಬರೆದಿದ್ದಾನೆಂದರೆ, ಸರಿ ಉತ್ತರ ಬರೆಯಲು ಅವನಿಗೆ ಮನಸ್ಸೇ ಬರುತ್ತಿಲ್ಲ.

ಮಾಕ್ ಅಂಕ ಕಡಿಮೆ ಬಂದರೆ? ‘ಮಾಕ್ ಅಂಕಕ್ಕೆ ಬೆಲೆ ಕೊಡಬೇಡಿ’ ಅನ್ನುತ್ತಾರೆ. ಅದೇ ಸಂಸ್ಥೆ ಮಾಕ್ ಅಂಕದ ಮೇಲೆ ಅಖಿಲ ಭಾರತ ರ್‍ಯಾಂಕ್ ಪಟ್ಟಿ ಹಾಕುತ್ತದೆ. ಅದೇ ಪಟ್ಟಿ ನೋಡಿ ‘ನಿಮ್ಮ ಹುಡುಗನಿಗೆ ಇನ್ನೊಂದು ಕ್ರ್ಯಾಶ್ ಕೋರ್ಸ್ ಬೇಕಾಗುತ್ತೆ ಸರ್’ ಎಂದು ಫೋನ್ ಮಾಡುತ್ತದೆ. ಬೆಲೆ ಕೊಡಬೇಡಿ ಎಂದಿದ್ದು ಅಂಕಕ್ಕೆ. ಕೋರ್ಸಿಗಲ್ಲ.

ಈಗ ಎಂಟನೇ ಕ್ಲಾಸಿನಿಂದಲೇ ‘ಫೌಂಡೇಷನ್’ ಬಂದಿದೆ. ಹದಿನಾರು ವರ್ಷ ತುಂಬದ ಮಕ್ಕಳನ್ನು ಕೋಚಿಂಗಿಗೆ ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಶಿಕ್ಷಣ ಇಲಾಖೆ 2024ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ರ್‍ಯಾಂಕಿನ ಭರವಸೆ ಕೊಡಬಾರದು ಎಂದೂ ಹೇಳಿದೆ. ಎಂಟನೇ ಕ್ಲಾಸಿನ ಮಗುವಿಗೆ ಎಷ್ಟು ವರ್ಷ? ಲೆಕ್ಕ ಹತ್ತನೇ ತರಗತಿ ಮಟ್ಟದ್ದೂ ಅಲ್ಲ. ಆದರೂ ಯಾರಿಗೂ ಹೊಳೆಯುತ್ತಿಲ್ಲ. ಹೊಸ ವಕೀಲರನ್ನು ತಯಾರಿಸುವ ಕಾರ್ಖಾನೆಯ ಬಾಗಿಲಲ್ಲೇ ನಿಯಮ ಚಪ್ಪಲಿ ಬಿಟ್ಟು ಹೊರಗೆ ನಿಂತಿದೆ.

ಪಿಯು ಕಾಲೇಜನ್ನು ಮರೆತೆವು. ಎಲ್ಲರೂ ಮರೆತಿದ್ದಾರೆ. ಮೊದಲು ಈ ಪರೀಕ್ಷೆ ಹನ್ನೆರಡನೇ ತರಗತಿ ಮುಗಿದ ಮೇಲೆ ಬೇಸಿಗೆಯಲ್ಲಿ ನಡೆಯುತ್ತಿತ್ತು. 2022ರಿಂದ ಡಿಸೆಂಬರಿಗೆ ತಂದಿದ್ದಾರೆ. ದ್ವಿತೀಯ ಪಿಯು ಪಾಠ ಮುಗಿದಿರುವುದಿಲ್ಲ, ಭವಿಷ್ಯ ತೀರ್ಮಾನವಾಗಿರುತ್ತದೆ. ಹೀಗಾಗಿ ಕಾಲೇಜಿಗೆ ಹೋಗುವುದು ಸ್ಟ್ರಾಟೆಜಿಯಲ್ಲಿ ‘ಟೈಮ್ ವೇಸ್ಟ್’ ಎಂಬ ಕಾಲಂನಲ್ಲಿ ಬರುತ್ತದೆ. ಹಾಜರಾತಿಯನ್ನು ‘ಅಡ್ಜಸ್ಟ್’ ಮಾಡುವ ಕಾಲೇಜು ಎಲ್ಲಿದೆ ಎಂದು ಅದೇ ಮೆಂಟರ್ ಕಿವಿಯಲ್ಲಿ ಹೇಳುತ್ತಾರೆ. ಸುಳ್ಳು ಹಾಜರಾತಿಯಲ್ಲಿ ಪಿಯು ಮುಗಿಸಿದ ಮಗು ಮುಂದೆ ಸಾಕ್ಷ್ಯ ಕಾಯ್ದೆ ಓದುತ್ತದೆ. ಫಸ್ಟ್ ಕ್ಲಾಸು ಬರುತ್ತದೆ.

ಇಷ್ಟೆಲ್ಲ ತಂತ್ರ ಕಲಿತು ಹೋದರೆ ಪ್ರಶ್ನೆ ಪತ್ರಿಕೆ ಸರಿಯಾಗಿರುತ್ತದಾ?

ಅದು ಬೇರೆಯೇ ಕತೆ. 2018ರಲ್ಲಿ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯಿತು. ಪರದೆ ಕೈಕೊಟ್ಟಿತು, ಸಮಯ ಸೋರಿಹೋಯಿತು. ಮಕ್ಕಳು ಸುಪ್ರೀಂ ಕೋರ್ಟಿಗೆ ಹೋದರು. ಮರುಪರೀಕ್ಷೆ ಸಿಗಲಿಲ್ಲ, ಕಳೆದುಕೊಂಡ ನಿಮಿಷಕ್ಕೆ ಪರಿಹಾರದ ಅಂಕ ಸಿಕ್ಕಿತು. 2020ರಲ್ಲಿ ನಮ್ಮ ನಾಗರಬಾವಿಯ ಲಾ ಸ್ಕೂಲು ಕೋವಿಡ್ ಹೊತ್ತಿನಲ್ಲಿ ಕ್ಲಾಟ್ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟಕ್ಕೆ ಕೈ ಬೀಸಿ ತನ್ನದೇ ಪ್ರತ್ಯೇಕ ಪರೀಕ್ಷೆ ಮಾಡಿತು. ಸೆಪ್ಟೆಂಬರ್ 12ಕ್ಕೆ ಪರೀಕ್ಷೆ. ಸೆಪ್ಟೆಂಬರ್ 21ಕ್ಕೆ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ದೇಶಕ್ಕೆಲ್ಲ ಸಂವಿಧಾನ ಪಾಠ ಮಾಡುವ ಶಾಲೆಗೆ ಒಂಬತ್ತೇ ದಿನದಲ್ಲಿ ಪಾಠ.

ಆಮೇಲಿನದು ಇನ್ನೂ ಸೊಗಸು. 2024ರ ಡಿಸೆಂಬರ್ 1ರಂದು ಪರೀಕ್ಷೆ. ಕೀ ಉತ್ತರಗಳು ತಪ್ಪು ಎಂದು ಮಕ್ಕಳು ಕೋರ್ಟಿಗೆ ಹೋದರು. ಅದೇ ತಿಂಗಳು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಫಲಿತಾಂಶ ತಿದ್ದಿ ಎಂದಿತು. ಮೇಲ್ಮನವಿ. ಏಪ್ರಿಲ್‌ನಲ್ಲಿ ವಿಭಾಗೀಯ ಪೀಠ. ಅಲ್ಲಿಂದ ಸುಪ್ರೀಂ ಕೋರ್ಟು. 2025ರ ಮೇ 7ಕ್ಕೆ ಇತ್ಯರ್ಥ. ಪ್ರಶ್ನೆ ತೆಗೆಯುವುದರಲ್ಲಿ ಒಕ್ಕೂಟ ತೋರಿದ ಉಡಾಫೆಗೆ ಸುಪ್ರೀಂ ಕೋರ್ಟು ಬಾಯಿಬಿಟ್ಟು ಬೇಸರ ಹೇಳಿಕೊಂಡಿತು. ಅಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಒಂದು ಪ್ರಶ್ನೆಗೆ ಒಂದು ನಿಮಿಷ ಎಂದು ಮಕ್ಕಳಿಗೆ ಗಡಿಯಾರ ತೋರಿಸುವವರಿಗೆ ನಾಲ್ಕಾರು ಪ್ರಶ್ನೆಗೆ ಐದು ತಿಂಗಳು ಬೇಕಾಯಿತು.

ಮಗು ತಪ್ಪು ಮಾಡಿದರೆ ಕಾಲು ಅಂಕ ಖೋತಾ. ದೊಡ್ಡವರು ತಪ್ಪು ಮಾಡಿದರೆ? ಅದನ್ನು ತೋರಿಸಲು ಮಗುವೇ ಹಣ ಕಟ್ಟಬೇಕು. ಒಂದು ಪ್ರಶ್ನೆಗೆ ಆಕ್ಷೇಪಣೆ ಸಲ್ಲಿಸಲು 1,000 ರೂಪಾಯಿ. ನಿಮ್ಮ ಮಾತು ನಿಜವಾದರೆ ವಾಪಸ್ಸು. ಅರ್ಜಿ ಶುಲ್ಕ 4,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿರುವವರಿಗೆ ರಿಯಾಯಿತಿ ಉಂಟು. 3,500 ರೂಪಾಯಿ. ಹೌದು, ಸರಿಯಾಗಿಯೇ ಓದಿದಿರಿ. ಬಡತನ ರೇಖೆಗಿಂತ ಕೆಳಗಿದ್ದೀರಿ ಎಂದು ಸರ್ಕಾರವೇ ಕಾರ್ಡು ಕೊಟ್ಟವರಿಗೆ ಐನೂರು ರೂಪಾಯಿಯ ಕರುಣೆ. ಸಾಮಾಜಿಕ ನ್ಯಾಯದ ಮೇಲೆ ಇವರೇ ವಿಚಾರ ಸಂಕಿರಣ ಮಾಡುತ್ತಾರೆ. ಅಲ್ಲಿ ಊಟ ಚೆನ್ನಾಗಿರುತ್ತದೆ.

ಇನ್ನು ಎಲ್ಲಕ್ಕಿಂತ ದೊಡ್ಡ ಸ್ಟ್ರಾಟೆಜಿ. ಯಾವ ಮೆಂಟರೂ ಇದನ್ನು ಪರದೆಯ ಮೇಲೆ ಹಾಕುವುದಿಲ್ಲ. ಇಂಗ್ಲಿಷ್ ಮಾತಾಡುವ ಮನೆಯಲ್ಲಿ ಹುಟ್ಟಿ.

ಕ್ಲಾಟ್ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಡಾಕ್ಟರಾಗಲು ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಎಂಜಿನಿಯರಾಗಲು ಜೆಇಇ ಮೇನ್ ಕನ್ನಡದಲ್ಲಿದೆ. ಮನುಷ್ಯನ ಎದೆ ಕೊಯ್ಯಲು ಕನ್ನಡ ಸಾಕು. ಸೇತುವೆ ಕಟ್ಟಲು ಕನ್ನಡ ಸಾಕು. ಗೇಣಿದಾರನ ಪರ ವಾದ ಮಾಡಲು ಮಾತ್ರ ಲಂಡನ್ನಿನ ವ್ಯಾಕರಣ ಬೇಕು.

ತಮಾಷೆ ಇನ್ನೂ ಇದೆ. ಐದು ವರ್ಷ ಕಾನೂನು ಓದಿ ಮುಗಿಸಿದ ಮೇಲೆ ವಕೀಲಿಕೆಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸು ಮಾಡಬೇಕು. ಬಾರ್ ಕೌನ್ಸಿಲ್ ನಡೆಸುವ ಆ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಕಾಯ್ದೆಯ ಪುಸ್ತಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಅಂದರೆ ವಕೀಲನಾಗಿ ಹೊರಬರುವ ಬಾಗಿಲಲ್ಲಿ ಕನ್ನಡಕ್ಕೆ ಜಾಗ ಇದೆ. ಒಳಗೆ ಹೋಗುವ ಬಾಗಿಲಲ್ಲಿ ಇಲ್ಲ. ಒಳಗೇ ಹೋಗದವನು ಹೊರಬರುವುದು ಹೇಗೆ ಎಂಬುದು ಲಾಜಿಕಲ್ ರೀಸನಿಂಗ್ ವಿಭಾಗದ ಪ್ರಶ್ನೆ. ಉತ್ತರ ಕೀಯಲ್ಲಿಲ್ಲ.

ಪ್ರಾದೇಶಿಕ ಭಾಷೆಗಳಲ್ಲೂ ಪರೀಕ್ಷೆ ಮಾಡಿ ಎಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಬಾರ್ ಕೌನ್ಸಿಲ್ಲೇ ಬೆಂಬಲಿಸಿತು. ಒಕ್ಕೂಟ ಏನು ಮಾಡಿತು? ತಜ್ಞರ ಸಮಿತಿ ಮಾಡಿತು. ಈ ದೇಶದಲ್ಲಿ ಸಮಿತಿ ಯಾಕೆ ಮಾಡುತ್ತಾರೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ನಾಗರಬಾವಿಯ ಶಾಲೆ ಯಾರದ್ದು ಎಂದು ಒಮ್ಮೆ ಕೇಳಿಕೊಳ್ಳಿ. ಅದು ಹುಟ್ಟಿದ್ದು ಕರ್ನಾಟಕ ವಿಧಾನಮಂಡಲ ಮಾಡಿದ 1986ರ ಕಾಯ್ದೆಯಿಂದ. ಕಟ್ಟಿದವರು ಎನ್.ಆರ್. ಮಾಧವ ಮೆನನ್. ವಿದ್ಯಾರ್ಥಿಗಳಲ್ಲಿ ಸಮಾಜಸೇವೆಯ ಹೊಣೆಗಾರಿಕೆ ಬೆಳೆಸಬೇಕು ಎಂದು ಆ ಕಾಯ್ದೆಯಲ್ಲೇ ಬರೆದಿದೆ. ವಕಾಲತ್ತು, ಕಾನೂನು ನೆರವು, ಶಾಸನ, ಸುಧಾರಣೆ ಎಲ್ಲ ಆ ಸಾಲಿನಲ್ಲಿದೆ. ಸ್ಟ್ರಾಟೆಜಿ ಪ್ರಕಾರ ಮೊದಲ ಸಾಲು, ಕೊನೆಯ ಸಾಲು ಓದಿದವರಿಗೆ ಅದು ಕಾಣಿಸಿರಲಿಕ್ಕಿಲ್ಲ. ಅಲ್ಲಿಂದ ಹೊರಬಿದ್ದ ಎಷ್ಟೋ ಜಾಣರು ಕಂಪನಿ ವಿಲೀನದ ಕಾಗದ ತಿದ್ದುವ ಸಂಸ್ಥೆಗಳಲ್ಲಿ ಸಮಾಜಸೇವೆ ಮಾಡುತ್ತಿದ್ದಾರೆ. ಮುಂಬೈಯಲ್ಲಿ. ಇಪ್ಪತ್ತನೇ ಮಹಡಿಯಲ್ಲಿ. ಸಮಾಜ ಅಲ್ಲಿಂದ ಚಿಕ್ಕದಾಗಿ, ಅಚ್ಚುಕಟ್ಟಾಗಿ ಕಾಣುತ್ತದೆ.

ನಮ್ಮ ಮಕ್ಕಳಿಗೆ ಶೇ 25 ಸೀಟು ಕೊಡಿ ಎಂದು ರಾಜ್ಯ ಸರ್ಕಾರ 2020ರಲ್ಲಿ ಕಾಯ್ದೆ ತಿದ್ದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಅದನ್ನು ಹೊಡೆದುಹಾಕಿತು. ಆಮೇಲೆ ಶಾಲೆಯೇ ತಾನಾಗಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲು ತಂದಿತು. ಸಂತೋಷ. ಅದಕ್ಕೆ ಅರ್ಹತೆ ಏನು? ಹತ್ತು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಸರ್ಜಾಪುರ ರಸ್ತೆಯ ಇಂಟರ್‌ನ್ಯಾಷನಲ್ ಶಾಲೆಯೂ ಕರ್ನಾಟಕದಲ್ಲೇ ಇದೆ. ಯಾದಗಿರಿಯ ಸರ್ಕಾರಿ ಪ್ರೌಢಶಾಲೆಯೂ ಕರ್ನಾಟಕದಲ್ಲೇ ಇದೆ. ಇಬ್ಬರಿಗೂ ಒಂದೇ ಇಂಗ್ಲಿಷ್ ಪ್ಯಾಸೇಜು. ಒಂದೇ ಎರಡು ಗಂಟೆ. ಸಮಾನತೆ ಅಂದರೆ ಇದು. ಹದಿನಾಲ್ಕನೇ ವಿಧಿ. ಮಾಕ್‌ನಲ್ಲಿ ಬಂದಿರುತ್ತದೆ.

ಅದಕ್ಕೆ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆಯಲ್ಲ ಎನ್ನುತ್ತಾರೆ. ಇದೆ. 2009ರಲ್ಲಿ ಮಾಡಿದರು. ಅದರಡಿ ಊರೂರಲ್ಲಿ ಲಾ ಕಾಲೇಜುಗಳಿವೆ. ಪಿಯು ಅಂಕ ಸಾಕು, ಸೀಟು ಸಿಗುತ್ತದೆ. ಅಲ್ಲಿಗೆ ಸೇರುವವರಿಗೆ ಯಾವ ಸ್ಟ್ರಾಟೆಜಿಯೂ ಬೇಕಿಲ್ಲ. ಆದ್ದರಿಂದಲೇ ಅವರಿಗೆ ಮರ್ಯಾದೆ ಇಲ್ಲ. ‘ಎಲ್ಲೂ ಸಿಗಲಿಲ್ಲವಾ?’ ಎಂದು ಮದುವೆ ಮನೆಯಲ್ಲಿ ಕೇಳುತ್ತಾರೆ. ನಿಮ್ಮ ಪಹಣಿ ತಿದ್ದಿಸಿದವರು, ನಿಮ್ಮ ತಂಗಿಯ ಜೀವನಾಂಶ ಕೊಡಿಸಿದವರು, ಮೋಟಾರು ಅಪಘಾತದ ಪರಿಹಾರ ತಂದವರು ಇಂಥ ಕಾಲೇಜಿನವರೇ. ತಾಲ್ಲೂಕು ಕೋರ್ಟಿನಲ್ಲಿ ವಾದ ಕನ್ನಡದಲ್ಲಿ. ಸಾಕ್ಷಿ ಕನ್ನಡದಲ್ಲಿ. ಬಾಗಿಲಲ್ಲಿ ನಿಂತು ಹೆಸರು ಕೂಗುವುದೂ ಕನ್ನಡದಲ್ಲಿ. ಆ ಕೋರ್ಟಿಗೆ ನಾಗರಬಾವಿಯ ಹುಡುಗ ಇಂಟರ್ನ್‌ಶಿಪ್‌ಗೆ ಬಂದರೆ ‘ವಾಯಿದೆ’ ಎಂದರೇನು ಎಂದು ಕೇಳುತ್ತಾನೆ. ಪ್ರಮಾಣಪತ್ರ ತೆಗೆದುಕೊಂಡು ಹೋಗುತ್ತಾನೆ. ಅನುಭವ ಅದ್ಭುತವಾಗಿತ್ತು ಎಂದು ಬರೆದುಕೊಳ್ಳುತ್ತಾನೆ.

ಹೋದ ವರ್ಷ ಒಂದು ಕೋಚಿಂಗ್ ಸೆಂಟರಿನ ರಿಸೆಪ್ಷನ್ನಿನಲ್ಲಿ ಕೂತಿದ್ದೆ. ತಂಗಿಯ ಮಗನ ಫೀಸಿನ ರಸೀದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಚಳ್ಳಕೆರೆ ಕಡೆಯ ಒಬ್ಬರು. ವಕೀಲರ ಗುಮಾಸ್ತರು. ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಮಡಿಸಿದ ಕೋರ್ಟ್ ಫೀ ಸ್ಟಾಂಪಿನ ರಸೀದಿ. ವಕಾಲತ್ತು, ತಕರಾರು, ಕೇವಿಯಟ್ಟು ಎಲ್ಲ ಅವರ ಕೈಬರಹದಲ್ಲೇ ಹೋಗುತ್ತದಂತೆ. ಯಾವ ಅರ್ಜಿಗೆ ಎಷ್ಟು ದಿನದ ಗಡುವು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಮಗಳು ಪಕ್ಕದಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪಿಯು ಆರ್ಟ್ಸ್. ಅಪ್ಪ ಯಾರ ಕೋಟು ಹಿಡಿದು ನಿಲ್ಲುತ್ತಾನೋ ಅವರ ಹಾಗೆ ತಾನೂ ಕೋಟು ಹಾಕಬೇಕು ಎಂದು ಹೊರಟವಳು.

ಕೌನ್ಸೆಲರ್ ಹುಡುಗಿ ಬಂದು ಕೂತಳು. ಹಲ್ಲು ತೋರಿಸುವ ನಗು. ಪ್ಯಾಕೇಜುಗಳನ್ನು ವಿವರಿಸಿದಳು. ಪ್ಲಾಟಿನಂ, ಗೋಲ್ಡ್, ಸಿಲ್ವರ್. ಗುಮಾಸ್ತರು ಎಲ್ಲ ಕೇಳಿಸಿಕೊಂಡರು. ವಕೀಲರ ಮುಂದೆ ಕೂತು ಅಭ್ಯಾಸ ಇರುವವರು. ನಡುವೆ ಬಾಯಿ ಹಾಕಲಿಲ್ಲ.

‘ಮೇಡಂ, ಒಂದು ಕೇಳ್ಲಾ? ಪರೀಕ್ಷೆ ಕನ್ನಡದಾಗೆ ಬರೆಯೋಕೆ ಬಿಡ್ತಾರಾ?’

‘ಇಲ್ಲ ಸರ್. ಇಂಗ್ಲಿಷ್ ಓನ್ಲಿ.’

‘ಇವ್ಳಿಗೆ ಕಾಯ್ದೆ ಎಲ್ಲ ಗೊತ್ತೈತೆ ಮೇಡಂ. ನನ್ ಜೊತೆ ಕೂತು ಓದ್ಕಂಡವ್ಳೆ. ಇಂಗ್ಲಿಷೇ ಸ್ವಲ್ಪ ತಡೀತದೆ.’

‘ಡೋಂಟ್ ವರಿ ಸರ್. ಕಾಯ್ದೆ ಏನೂ ಗೊತ್ತಿರೋದು ಬೇಡ. ಇಂಗ್ಲಿಷ್‌ಗೆ ನಮ್ಮಲ್ಲಿ ಬ್ರಿಡ್ಜ್ ಕೋರ್ಸ್ ಇದೆ.’

ಗುಮಾಸ್ತರು ಜೇಬಿನಿಂದ ಒಂದು ಪೆನ್ನು ತೆಗೆದರು. ಫೀಸು ಬರೆದುಕೊಳ್ಳಲು ಕೈಯಲ್ಲಿದ್ದ ಕರಪತ್ರ ತಿರುಗಿಸಿದರು.

‘ಅದು ಪ್ಲಾಟಿನಂನಲ್ಲಿ ಬರಲ್ಲ ಸರ್,’ ಅಂದಳು. ‘ಸಪರೇಟ್. ಜಿಎಸ್‌ಟಿ ಎಕ್ಸ್‌ಟ್ರಾ.’